ಮದುವೆಗೆ ಹೋಗಿ ಬಂದ ಕೊಪ್ಪರಿಗೆ

ಕೃಷ್ಣಮೂರ್ತಿಪುರಂನ ಆ ಬೀದಿಯಲ್ಲಿ ಈಗ ಒಂದು ಮಾರು ಮಲ್ಲಿಗೆ ಬೇಕೆಂದರೆ ನಾಲ್ಕು ಬೀದಿ ಸುತ್ತಬೇಕು. ಕಾಫಿ ಬೇಕೆಂದರೆ ಮಾತ್ರ ಹೆಜ್ಜೆಗೊಂದು ಅಂಗಡಿ. ಹಿಟ್ಟಿನ ಗಿರಣಿ ಇದ್ದಲ್ಲಿ ಗಾಜಿನ ಬಾಗಿಲು ಬಂತು, ಒಳಗೆ ಹಳದಿ ದೀಪ ಬಂತು. ಮೊದಲು ಬೀಸಿ ಕೊಡುತ್ತಿದ್ದ ರಾಗಿಯನ್ನೇ ಈಗ ದೋಸೆಯ ಹಾಗೆ ಹುಯ್ದು, ಮೇಲೆ ಜೇನುತುಪ್ಪ ಸುರಿದು, ಇಂಗ್ಲಿಷಿನ ಹೆಸರಿಟ್ಟು ಕೊಡುತ್ತಾರೆ. ಸೈಕಲ್ ಶಾಪು ಹೋಗಿ ಯೋಗದ ಚಾಪೆ ಮಾರುವವರು ಬಂದರು. ಸೀಮೆಎಣ್ಣೆ ಡಿಪೋ ಇದ್ದ ಜಾಗದಲ್ಲಿ ಸೋಪು ಮಾರುತ್ತಾರೆ. ಬಂದವರು ಸೋಪನ್ನು ಮೊದಲು ಮೂಸುತ್ತಾರೆ, ಆಮೇಲೆ ಅದರ ಫೋಟೋ ತೆಗೆಯುತ್ತಾರೆ. ಸಾಕಮ್ಮನ ಅಂಗಡಿಯ ಎದುರಿನ ಕೆಫೆಯವರಂತೂ ಎಲ್ಲಿಂದಲೋ ಒಂದು ತಾಮ್ರದ ಹಂಡೆ ತಂದು ಬಾಗಿಲಲ್ಲಿಟ್ಟು ಅದರೊಳಗೆ ಗಿಡ ನೆಟ್ಟಿದ್ದಾರೆ. ನೀರು ಕಾಯಿಸುವ ಹಂಡೆಗೆ ಮಣ್ಣು ತುಂಬಿದವರನ್ನು ಸಾಕಮ್ಮ ಇವತ್ತಿಗೂ ಕ್ಷಮಿಸಿಲ್ಲ.

ಸಾಕಮ್ಮನದು ಪಾತ್ರೆ, ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ. ಲಕ್ಷ್ಮೀನರಸಿಂಹ ಮೇಷ್ಟ್ರ ಮನೆಯ ಕಾಂಪೌಂಡಿಗೆ ಅಂಟಿಕೊಂಡು ಒಂದು ಹಳೆಯ ಕಾರ್ ಶೆಡ್ಡಿತ್ತು. ಮೇಷ್ಟ್ರಿಗೆ ಕಾರೂ ಇರಲಿಲ್ಲ, ಕೊಳ್ಳುವ ಆಸೆಯೂ ಇರಲಿಲ್ಲ. ಸಾಕಮ್ಮನ ಗಂಡ ಚಿಕ್ಕಬಸವಯ್ಯನವರು ಅಶೋಕಪುರಂನಿಂದ ಬಂದು ಕೇಳಿದಾಗ, ಆ ಬೀದಿಯಲ್ಲಿ ಅವರ ಜನಕ್ಕೆ ಬೇರೆ ಯಾರೂ ಬಾಡಿಗೆಗೆ ಜಾಗ ಕೊಡದ ಕಾಲದಲ್ಲಿ, "ಇಟ್ಕೊಳಯ್ಯ, ಚೊಕ್ಕಟವಾಗಿಟ್ಕೊ" ಎಂದು ಮೇಷ್ಟ್ರು ಕೊಟ್ಟರು. ಕಾಗದ ಪತ್ರ ಏನೂ ಆಗಲಿಲ್ಲ. ಮೇಷ್ಟ್ರ ಮಾತೇ ಪತ್ರ ಎಂದು ಚಿಕ್ಕಬಸವಯ್ಯ ನಂಬಿದರು. ನಂಬಿದ ಹಾಗೆಯೇ ಬದುಕಿ, ಒಂದು ಮಧ್ಯಾಹ್ನ ಶಾಮಿಯಾನದ ಗಳ ಕಟ್ಟುತ್ತಾ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ಆಮೇಲೆ ಅಂಗಡಿ ಸಾಕಮ್ಮನ ಕೈಗೆ ಬಂತು. ಮಗ ನಾಗೇಂದ್ರ ಟೆಂಪೊದಲ್ಲಿ ಸಾಮಾನು ಸಾಗಿಸುತ್ತಾನೆ, ಸೊಸೆ ಮಾಲಾ ಪಾತ್ರೆ ತಿಕ್ಕುತ್ತಾಳೆ, ಸಾಕಮ್ಮ ಬಾಗಿಲಲ್ಲಿ ಕೂತು ಬೀದಿಯವರನ್ನೆಲ್ಲ ಮಾತಾಡಿಸುತ್ತಾಳೆ, ಬೈಯಬೇಕಾದವರನ್ನು ಬೈಯುತ್ತಾಳೆ.

ವ್ಯಾಪಾರ ಮೊದಲಿನಂತಿರಲಿಲ್ಲ. ಛತ್ರಗಳಲ್ಲಿ ಪಾತ್ರೆ ಅವರದೇ ಇರುತ್ತೆ, ಇಲ್ಲದಿದ್ದರೆ ಕೇಟರಿಂಗಿನವರು ತರುತ್ತಾರೆ. ಉಳಿದದ್ದು ಅಶೋಕಪುರಂನ ಮದುವೆ, ತಿಥಿ, ಜಯಂತಿಯ ಊಟ, ಅಕ್ಕಪಕ್ಕದ ಮನೆಗಳ ನಾಮಕರಣ. ಹಾಗಿದ್ದರೂ ಮೂರು ಜನರ ಹೊಟ್ಟೆ, ನಾಗೇಂದ್ರನ ಇಬ್ಬರು ಮಕ್ಕಳ ಸ್ಕೂಲು ಆ ಶೆಡ್ಡಿನ ಮೇಲೇ ನಿಂತಿತ್ತು. ಅಂಥ ಶೆಡ್ಡಿನ ಮೇಲೆ ಮೇಷ್ಟ್ರ ಮಗ ವಸಿಷ್ಠನ ಕಣ್ಣು ಬಿತ್ತು. ಮನೆಗಳ ಒಳಾಂಗಣ ಅಲಂಕಾರ ಮಾಡಿಸುವುದು ಅವನ ಕಸುಬು. ಬೀದಿ ಯಾವ ಕಡೆ ತಿರುಗುತ್ತಿದೆ ಅನ್ನುವುದು ಅವನಿಗೆ ಎಲ್ಲರಿಗಿಂತ ಮೊದಲು ಗೊತ್ತಾಯಿತು. ಕೆಫೆಯವರೊಬ್ಬರು ಶೆಡ್ಡು ಮತ್ತು ಮುಂದಿನ ಜಗಲಿ ಎರಡನ್ನೂ ಕೇಳಿದ್ದಾರೆ, ಬಿಟ್ಟುಕೊಡಿ ಎಂದು ಬಂದು ಹೇಳಿದ. ಸಾಕಮ್ಮ ಆಗೋದಿಲ್ಲ ಅಂದಳು. ಅವನು ಇನ್ನೊಂದು ಸಲ ಬಂದ, ನಯವಾಗಿ ಹೇಳಿದ. ಇವಳು ನಯವಾಗಿಯೇ ಆಗೋದಿಲ್ಲ ಅಂದಳು.

ಅಶೋಕಪುರಂನವರೇ ಆದ ಲಾಯರ್ ದೊರೆಸ್ವಾಮಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಮಾತು ಹೇಳಿದ್ದರು. "ನಿಮ್ತಾವ ಪತ್ರ ಇಲ್ಲ, ಏನೂ ಇಲ್ಲ ಸಾಕಮ್ಮ. ಇರೋದು ಒಂದೇ. ಒಳಗೆ ನಿಮ್ಮ ಸಾಮಾನದೆ, ಹೊರಗೆ ನಿಮ್ಮ ಬೀಗ ಅದೆ. ಅದಿರೋಗಂಟ ಅವ್ರು ಕೋರ್ಟಿಗೋಗ್ದೆ ನಿಮ್ಮನ್ನ ಅಲ್ಲಾಡ್ಸಕ್ಕಾಗಲ್ಲ. ಅದೊಂದನ್ನ ಬುಡಬೇಡಿ."

ಸಾಕಮ್ಮ ಆ ಮಾತನ್ನು ಸೊಸೆಗೂ ಮಗನಿಗೂ ಹೇಳಿದ್ದೇ ಹೇಳಿದ್ದು. ಕೊನೆಗೆ ಮರೆತವಳು ತಾನೇ.

ಮೇಷ್ಟ್ರ ಮನೆಗೂ ಈ ಅಂಗಡಿಗೂ ಒಂದು ಲೆಕ್ಕವಿತ್ತು, ಅದನ್ನು ಯಾರೂ ಎದುರೆದುರು ಬಾಯಿಬಿಟ್ಟು ಹೇಳಿದ್ದಿಲ್ಲ. ವಸಿಷ್ಠನ ಉಪನಯನಕ್ಕೆ ಶಾಮಿಯಾನ ಇಲ್ಲಿಂದಲೇ ಹೋಯಿತು, ಕುರ್ಚಿ ಇಲ್ಲಿಂದಲೇ ಹೋಯಿತು; ಪಾತ್ರೆ ಮಾತ್ರ ಅಗ್ರಹಾರದಿಂದ ಬಂತು. ಮೇಷ್ಟ್ರ ಅರವತ್ತರ ಶಾಂತಿಗೂ ಹಾಗೇ. ಗೋಡೆಯ ಈಚೆ ಕೊಪ್ಪರಿಗೆಗಳ ರಾಶಿ ಇರುತ್ತಿತ್ತು, ಗೋಡೆಯ ಆಚೆಯ ಹಬ್ಬದಡಿಗೆಗೆ ಕೊಪ್ಪರಿಗೆ ಆಟೋದಲ್ಲಿ ಬೇರೆ ಕಡೆಯಿಂದ ಬರುತ್ತಿತ್ತು. "ಕೂರಕ್ಕೆ ನಮ್ ಕುರ್ಚಿ ಆಯ್ತದೆ, ಬೇಯ್ಸಕ್ಕೆ ನಮ್ ಪಾತ್ರೆ ಆಗಕಿಲ್ಲ" ಎಂದು ಚಿಕ್ಕಬಸವಯ್ಯ ನಗುತ್ತಿದ್ದರು. ಸಾಕಮ್ಮನಿಗೆ ನಗು ಬರುತ್ತಿರಲಿಲ್ಲ. ಪಾತ್ರೆ ತಿಕ್ಕಿ ತಿಕ್ಕಿ ಅವಳ ಉಗುರು ಸವೆದಿತ್ತು, ಅವಳು ತಿಕ್ಕಿದ ತಳದಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಇನ್ನೆಷ್ಟು ತಿಕ್ಕಿದರೆ ಅವರಿಗೆ ಸಾಕಾಗುತ್ತದೆ ಎಂದು ಅವಳಿಗೆ ಸಿಟ್ಟು.

ಮೇಷ್ಟ್ರ ಮಗಳು ತನ್ಮಯಿಗೆ ಮಾತ್ರ ಆ ಲೆಕ್ಕ ಗೊತ್ತಿರಲಿಲ್ಲ. ಪುಟ್ಟ ಹುಡುಗಿಯಾಗಿದ್ದಾಗ ಓಡಿಬಂದು ದೊಡ್ಡ ಹಿತ್ತಾಳೆ ಕೊಪ್ಪರಿಗೆಯೊಳಗೆ ಬಚ್ಚಿಟ್ಟುಕೊಳ್ಳುತ್ತಿತ್ತು. ಸಾಕಮ್ಮ ಬೇಕೆಂದೇ ಬೀದಿಯಲ್ಲೆಲ್ಲ ಹುಡುಕಿದ ಹಾಗೆ ಮಾಡಿ, ಕೊನೆಗೆ ಕೊಪ್ಪರಿಗೆಯ ಅಂಚಿಗೆ ಸೌಟಿನಿಂದ ಬಡಿಯುತ್ತಿದ್ದಳು. ಒಳಗಿನಿಂದ ಕಿಲಕಿಲ ನಗು. ಒಂದು ಸಲ ತಾಯಿ ಶಾರದಮ್ಮ ಬಂದು ಮಗುವಿನ ರಟ್ಟೆ ಹಿಡಿದು ಕರೆದುಕೊಂಡು ಹೋದರು. ಸ್ವಲ್ಪ ಹೊತ್ತಿಗೆ ಹಿತ್ತಲಲ್ಲಿ ಕೊಡಗಟ್ಟಲೆ ನೀರು ಹುಯ್ಯುವ ಸದ್ದು, ಮಗು ಅಳುವ ಸದ್ದು ಗೋಡೆ ದಾಟಿ ಬಂತು. ಸಾಕಮ್ಮ ಆವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಈ ವರ್ಷ ಮಾಘ ಮಾಸದಲ್ಲಿ ಅದೇ ಶಾರದಮ್ಮ ಅದೇ ಅಂಗಡಿಗೆ ತಾವಾಗಿ ಬಂದರು. ರೇಷ್ಮೆ ಸೀರೆ ಉಟ್ಟು, ಕುಂಕುಮದ ಭರಣಿ ಹಿಡಿದು, ಲಗ್ನಪತ್ರಿಕೆ ಹಿಡಿದು ಬಂದವರನ್ನು ನೋಡಿ ಸಾಕಮ್ಮ ಎದ್ದು ನಿಂತಳು. ಶಾರದಮ್ಮ ಕುರ್ಚಿಯ ತುದಿಯಲ್ಲಿ ಕೂತರು.

"ತನ್ಮಯಿ ಮದುವೆ ಕಣಮ್ಮ ಸಾಕಮ್ಮ. ನೀವೆಲ್ಲ ಬರಬೇಕು."

"ಬರ್ದೆ ಇರ್ತೀವಾ ಅಮ್ಮಾವ್ರೆ. ಕುರ್ಚಿ ಎಷ್ಟ್ ಬೇಕು ಏಳಿ."

"ಕುರ್ಚಿ ಮಾತ್ರ ಅಲ್ಲ." ಶಾರದಮ್ಮ ಪತ್ರಿಕೆಯ ಅಂಚನ್ನು ಬೆರಳಲ್ಲಿ ಮಡಿಸಿದರು, ಬಿಚ್ಚಿದರು. "ಈ ಸಲ ಪಾತ್ರೇನೂ ನಿಮ್ಮದೇ ಆಗ್ಲಿ ಅಂತ. ಛತ್ರದ ಪಾತ್ರೆ ಯಾರ್ಯಾರು ಬಳಸಿರ್ತಾರೋ ಏನೋ. ನಮ್ಮ ಬೀದಿಯ ಪಾತ್ರೆ ಇರುವಾಗ ಬೇರೆ ಯಾಕೆ. ಎಲ್ಲಾ ಬೇಕಾಗುತ್ತೆ, ಇರೋದೆಲ್ಲಾ."

ಸಾಕಮ್ಮನಿಗೆ ಕಣ್ಣು ತುಂಬಿತು, ಅದಕ್ಕೆ ತನ್ನ ಮೇಲೇ ಸಿಟ್ಟೂ ಬಂತು. "ನೀವ್ ಕೇಳದ್ ಎಚ್ಚಾ, ನಾ ಕೊಡದ್ ಎಚ್ಚಾ ಅಮ್ಮಾವ್ರೆ" ಎಂದಳು. ಶಾರದಮ್ಮ ಬಾಡಿಗೆಯ ಮಾತೆತ್ತಿದ್ದಕ್ಕೆ ಬೇಡವೆಂದು ಕೈಯಾಡಿಸಿಬಿಟ್ಟಳು. ಶಾರದಮ್ಮ ಅವಳ ಹಣೆಗೆ ಕುಂಕುಮ ಇಡಲು ಕೈಯೆತ್ತಿ, ವಿಧವೆಯೆಂದು ನೆನಪಾಗಿ, ಭರಣಿಯನ್ನು ಮಾಲಾಳ ಕಡೆ ಹಿಡಿದರು. ನೀರು ಕೊಡಲಾ ಎಂದು ಮಾಲಾ ಕೇಳಿದಳು. "ಈಗ ತಾನೇ ಕುಡಿದು ಬಂದೆ" ಎಂದು ಶಾರದಮ್ಮ ಎದ್ದು ಹೋದರು.

ಅವರ ಬೆನ್ನಿಗೇ ಮಾಲಾ ಶುರುಮಾಡಿದಳು. "ಅತ್ತೆ, ಆ ಛತ್ರದಲ್ಲಿ ಪಾತ್ರೆ ಇಲ್ವಾ? ನಾನೇ ನೋಡಿದೀನಿ, ಒಂದು ರೂಮಿನ ತುಂಬ ಅವೆ."

"ಅವ್ರಿಗೆ ನಮ್ದು ಬೇಕಂತೆ."

"ಇಷ್ಟು ವರ್ಷ ಬೇಡ್ದಿದ್ದು ಈಗ್ಯಾಕೆ ಬೇಕು?"

"ಜನ ಬದಲಾಗಕೂಡ್ದಾ? ನಿಮ್ಮಾವ ಇದ್ದಿದ್ರೆ ಇವತ್ತು ಕುಣ್ಯೋರು. ನೀನು ಬಾಯಿ ಮುಚ್ಕೊಂಡು ಉಣಿಸೇಹಣ್ಣು ನೆನೆಯಾಕು."

ಮಾರನೆಯ ದಿನ ವಸಿಷ್ಠನೂ ಬಂದ. ಹಿಂದೆ 'ಸಾಕಮ್ಮ' ಅನ್ನುತ್ತಿದ್ದವನು 'ಸಾಕಮ್ಮನೋರೆ' ಅಂದ. ಜಾಗದ ಮಾತೇ ಎತ್ತಲಿಲ್ಲ. "ಹೇಗೂ ಮದುವೆ ಅಂತ ಎಲ್ಲಾ ಸಾಮಾನೂ ಹೊರಗೆ ಹೋಗಿರುತ್ತಲ್ಲ, ಅಷ್ಟರಲ್ಲಿ ಒಳಗೆ ಬಣ್ಣ ಹೊಡೆಸಿಕೊಡ್ತೀನಿ. ನಮ್ಮ ಮನೆಗೆ ಹೊಡೀತಿದಾರಲ್ಲ, ಅವರೇ ಮಾಡ್ತಾರೆ. ಚಿಕ್ಕಬಸವಯ್ಯನವರು ಇದ್ದಾಗಿಂದ ಒಂದು ಕೋಟೂ ಕಂಡಿಲ್ಲ ಈ ಗೋಡೆ. ಬೀಗದ ಕೈ ಮನೇಲಿ ಕೊಟ್ಟು ಹೋಗಿ" ಎಂದ. ಗೋಡೆಯಲ್ಲಿ ಬುದ್ಧನ ಪಟದ ಹಿಂದೆ ಸುಣ್ಣ ಉದುರಿ ಮಣ್ಣು ಕಾಣುತ್ತಿತ್ತು, ಅದು ನಿಜವೇ. ಅಲ್ಲದೆ ಮದುವೆಗೆ ಪಾತ್ರೆ ಕೇಳಿದ ಮನೆಯವರಿಗೆ ಬೀಗದ ಕೈ ಕೊಡೋದಿಲ್ಲ ಅನ್ನಲು ಯಾವ ಬಾಯಿ ಬರುತ್ತದೆ.

ಚಿಕ್ಕಬಸವಯ್ಯನವರು ಒಂದು ಪದ್ಧತಿ ಇಟ್ಟುಕೊಂಡಿದ್ದರು. ಎಷ್ಟೇ ಮದುವೆಗಳಿರಲಿ, ಅಂಗಡಿ ಬರಿದಾಗಬಾರದು. ಒಂದು ಪಾತ್ರೆಯಾದರೂ ಒಳಗಿರಬೇಕು, ಅದರಲ್ಲಿ ಒಂದು ಹಿಡಿ ಅಕ್ಕಿ ಇರಬೇಕು. ಹೆಚ್ಚಾಗಿ ಅವರು ಮೊದಲು ಕೊಂಡಿದ್ದ ದೊಡ್ಡ ಹಿತ್ತಾಳೆ ಕೊಪ್ಪರಿಗೆಯೇ ಉಳಿಯುತ್ತಿತ್ತು. ಈ ಸಲ ಅದೂ ಬೇಕಂತೆ, ಅನ್ನಕ್ಕೆ ಅದೇ ಆಗಬೇಕಂತೆ ಎಂದು ಮನೆಯಿಂದ ಹೇಳಿಕಳಿಸಿದರು. ನಾಗೇಂದ್ರ ತಲೆ ಕೆರೆದುಕೊಂಡ. "ಒಂದು ಬಾಣಲಿನಾದ್ರೂ ಉಳಿಸ್ಕೊಳನ ಅವ್ವ, ಅಪ್ಪ ಏಳ್ತಿದ್ರು."

"ಇರೋದೆಲ್ಲಾ ಅಂದವ್ರೆ. ಒಂದ್ ಬಾಣಲಿ ಬಚ್ಚಿಟ್ಕೊಂಡು ಸಣ್ಣೋರಾಗೋದಾ?"

ಸಾಮಾನು ಸಾಗಿಸುವ ಹಿಂದಿನ ಎರಡು ದಿನ ಸಾಕಮ್ಮ ಮೈಮೇಲೆ ದೇವರು ಬಂದವಳಂತೆ ದುಡಿದಳು. ಕೊಪ್ಪರಿಗೆಯ ಒಳಕ್ಕೆ ಹೊಸದಾಗಿ ಕಲಾಯಿ ಹಾಕಿಸಿದಳು. ಹೊರಗೆ ಹುಣಿಸೆಹಣ್ಣು, ಉಪ್ಪು, ಬೂದಿ ಹಾಕಿ ಮಂಡಿಯ ಮೇಲೆ ಕೂತು ತಿಕ್ಕಿದಳು. ಮಾಲಾ ಮುಖ ಗಂಟಿಕ್ಕಿಕೊಂಡೇ ಜೊತೆಗೆ ತಿಕ್ಕಿದಳು. ಬೈದುಕೊಂಡೂ ಅತ್ತೆಯ ಸಂತೋಷ ಕೆಡಿಸಲು ಅವಳಿಗೆ ಮನಸ್ಸಾಗಲಿಲ್ಲ. ಕೊನೆಗೆ ಸಾಕಮ್ಮ ಕೊಪ್ಪರಿಗೆಯ ಹಿಡಿಬಳೆಗೆ ಹಳದಿ ದಾರದಲ್ಲಿ ಅರಿಶಿನದ ಕೊಂಬು ಕಟ್ಟಿದಳು. ಅಂಗಡಿಯಲ್ಲಿ ಉಳಿಯಬೇಕಾಗಿದ್ದ ಒಂದು ಹಿಡಿ ಅಕ್ಕಿಯನ್ನು ಚೂರು ಬಟ್ಟೆಯಲ್ಲಿ ಗಂಟು ಕಟ್ಟಿ ಅದರ ತಳಕ್ಕಿಟ್ಟಳು. "ಅಡಿಗೆಯವ್ರಿಗೆ ಏಳು, ಇದ್ನೂ ಅವ್ರ ಅಕ್ಕಿಗೆ ಸೇರಿಸ್ಕೊಳ್ಳಿ ಅಂತ. ಮಗೀನ ಮದುವೇಲಿ ನಂದೂ ಒಂದಗುಳು ಇರ್ಲಿ" ಎಂದು ಮಗನಿಗೆ ಹೇಳಿದಳು.

ಟೆಂಪೊ ಮೂರು ಸಲ ಹೋಗಿ ಬಂತು. ಕೊಳಗ, ಬೋಗುಣಿ, ಜಾಲರಿ, ಸೌಟು, ಕುರ್ಚಿ, ಗಳ, ಬಟ್ಟೆ ಎಲ್ಲವೂ ಹೋದ ಮೇಲೆ ಶೆಡ್ಡಿನೊಳಗೆ ಮಾತಾಡಿದರೆ ಮಾರ್ದನಿ ಬಂತು. ಹಲಗೆಯ ಅಟ್ಟ, ಗೋಡೆಯ ಪಟ, ಇಷ್ಟೇ ಉಳಿದದ್ದು. ಸಾಕಮ್ಮ ಬೀಗ ಹಾಕಿ, ಬೀಗದ ಕೈಯನ್ನು ಶಾರದಮ್ಮನ ಕೈಗೆ ಕೊಟ್ಟಳು. ಶಾರದಮ್ಮ ಅದನ್ನು ಸೆರಗಿನ ತುದಿಯಲ್ಲಿ ಇಸಿದುಕೊಂಡರು.

ಮದುವೆಯ ದಿನ ಸಾಕಮ್ಮ ಪೆಟ್ಟಿಗೆಯ ತಳದ ಸೀರೆ ತೆಗೆದು ಉಟ್ಟಳು. ತನ್ಮಯಿ ಮಂಟಪದಿಂದ ಇಳಿದು ಬರುವಾಗ ಇವಳನ್ನು ಕಂಡು ಎಲ್ಲರೆದುರಿಗೂ ಬಂದು ತಬ್ಬಿಕೊಂಡಳು. "ಸಾಕಮ್ಮಜ್ಜಿ, ಊಟ ಮಾಡದೆ ಹೋದ್ರೆ ನೋಡಿ" ಎಂದಳು. ಆ ಹುಡುಗಿಯ ಮನಸ್ಸಲ್ಲಿ ಕಲ್ಮಶ ಇರಲಿಲ್ಲ, ಆಮೇಲೂ ಸಾಕಮ್ಮ ಆ ಮಾತು ಹೇಳುತ್ತಿದ್ದಳು. ಶಾರದಮ್ಮ ಮಾತ್ರ ಎದುರಾದಾಗಲೆಲ್ಲ ಬೇರೆ ಯಾರನ್ನೋ ಕರೆಯುತ್ತಾ ಆ ಕಡೆ ನಡೆದುಬಿಡುತ್ತಿದ್ದರು. ಮದುವೆ ಮನೆಯ ಗಡಿಬಿಡಿ ಎಂದುಕೊಂಡಳು.

ಪಂಕ್ತಿಯಲ್ಲಿ ಎಲೆಯ ಮೇಲೆ ಅನ್ನ ಬಿತ್ತು. ಸಾಕಮ್ಮ ಹುಳಿ ಬಡಿಸುವವರೆಗೂ ಆ ಅನ್ನವನ್ನೇ ನೋಡುತ್ತಾ ಕೂತಳು. ನನ್ನ ಕೊಪ್ಪರಿಗೆಯಲ್ಲಿ ಬೆಂದ ಅನ್ನ. ಈ ಉದ್ದನೆಯ ಸಾಲಿನಲ್ಲಿ ಕೂತ ಜರಿ ಪಂಚೆಯವರು, ಜರಿ ಸೀರೆಯವರು ಎಲ್ಲರೂ ಉಣ್ಣುತ್ತಿದ್ದಾರೆ. ಯಾರೋ ಒಬ್ಬರ ಎಲೆಯಲ್ಲಿ ನನ್ನ ಹಿಡಿ ಅಕ್ಕಿಯ ಅಗುಳೂ ಇದೆ. ಗಂಡನನ್ನು ನೆನೆದು ಉಂಡಳು, ಎರಡನೆಯ ಸಲ ಅನ್ನ ಹಾಕಿಸಿಕೊಂಡಳು. ಕೈ ತೊಳೆದ ಮೇಲೆ ಪಾತ್ರೆಯನ್ನು ಒಲೆಯ ಮೇಲೆ ಕಣ್ಣಾರೆ ನೋಡುವ ಆಸೆಯಾಗಿ ಅಡಿಗೆಮನೆಯ ಕಡೆ ಹೋದಳು. ಬಾಗಿಲಲ್ಲಿದ್ದವನು ಕೈ ಅಡ್ಡ ಹಿಡಿದ. "ಒಳಗೆ ಯಾರನ್ನೂ ಬಿಡಲ್ಲಮ್ಮ." ಅದರಲ್ಲೂ ಅವಳಿಗೆ ತಪ್ಪು ಕಾಣಲಿಲ್ಲ.

ಮಾರನೆಯ ಬೆಳಿಗ್ಗೆ ನಾಗೇಂದ್ರ ಪಾತ್ರೆ ತರಲು ಛತ್ರಕ್ಕೆ ಹೋದ. ಸಾಕಮ್ಮ, ಮಾಲಾ ಅಂಗಡಿಯ ಕಡೆ ನಡೆದರು. ಹೊಸ ಬಣ್ಣದ ಗೋಡೆಗೆ ಪಟ ಮತ್ತೆ ಎಲ್ಲಿ ಹಾಕುವುದು ಎಂದು ದಾರಿಯುದ್ದಕ್ಕೂ ಸಾಕಮ್ಮನ ಯೋಜನೆ.

ಬೀದಿ ತಿರುಗಿದ ಕೂಡಲೇ ಮಾಲಾ ನಿಂತುಬಿಟ್ಟಳು. ಅಂಗಡಿಯ ತಗಡಿನ ಬಾಗಿಲಿಗೆ ಕಪ್ಪು ಬಣ್ಣ ಬಂದಿತ್ತು. ಸಾಕಮ್ಮನ ಹಳೆಯ ಬೀಗ ಇರಲಿಲ್ಲ, ಅಂಗೈಯಗಲದ ಹೊಸ ಬೀಗ ಇತ್ತು. 'ಸಿದ್ಧಾರ್ಥ ಶಾಮಿಯಾನ ಮತ್ತು ಪಾತ್ರೆ ಬಾಡಿಗೆ' ಎಂಬ ಬೋರ್ಡು ಮೋರಿಯ ಪಕ್ಕ ಬೋರಲು ಬಿದ್ದಿತ್ತು. ಅಟ್ಟದ ಹಲಗೆಗಳನ್ನು ಕಿತ್ತು ಅದರ ಪಕ್ಕ ಎಸೆದಿದ್ದರು. ಬುದ್ಧನ ಪಟವನ್ನು ಮಾತ್ರ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗೇಟಿಗೆ ನೇತುಹಾಕಿದ್ದರು, ಮರೆತುಹೋದ ಹಾಲಿನ ಪ್ಯಾಕೆಟ್ಟಿನಂತೆ. ಬಾಗಿಲ ಮೇಲೆ ಇಂಗ್ಲಿಷಿನಲ್ಲಿ ಬರೆದ ಬಟ್ಟೆ. ಮಾಲಾ ಓದಿ, ಬೇಗನೆ ಕೆಫೆ ತೆರೆಯುತ್ತಂತೆ ಎಂದಳು.

ವಸಿಷ್ಠ ಗೇಟಿನ ಹತ್ತಿರ ಬಂದ. ಕೂಗಾಡಲಿಲ್ಲ, ಅದು ಅವನ ಜಾಯಮಾನ ಅಲ್ಲ.

"ನೀವಾಗೇ ಸಾಮಾನು ಖಾಲಿ ಮಾಡಿದ್ರಿ ಸಾಕಮ್ಮನೋರೆ. ನೀವಾಗೇ ಬೀಗದ ಕೈ ಅಮ್ಮನ ಕೈಗೆ ಕೊಟ್ರಿ. ಕೊಡೋವಾಗ ವಿಡಿಯೋ ಆಗಿದೆ. ಖಾಲಿ ಶೆಡ್ಡಿನ ಫೋಟೋ ಇದೆ. ನಾನು ಯಾರನ್ನೂ ಹೊರಗೆ ಹಾಕಿಲ್ಲ."

"ಮದುವೆಗೆ ಅಂತಲ್ವಾ ಕೊಟ್ಟಿದ್ದು."

"ಮದುವೆಗೆ ಪಾತ್ರೆ ಕೊಟ್ರಿ. ಅಂಗಡಿ ಬೀಗದ ಕೈ ಯಾಕೆ ಕೊಟ್ರಿ ಅಂತ ಜಡ್ಜು ಕೇಳಿದ್ರೆ ಏನು ಹೇಳ್ತೀರಿ?"

ಮಾಲಾ ಕೂಗಿದಳು, ಶಾಪ ಹಾಕಿದಳು. ಸಾಕಮ್ಮ ಅವನನ್ನು ಬಿಟ್ಟು ಜಗಲಿಯ ಕಡೆ ನೋಡಿದಳು. ಮೇಷ್ಟ್ರು ಆರಾಮ ಕುರ್ಚಿಯಲ್ಲಿದ್ದರು. "ಮೇಷ್ಟ್ರೆ, ನೀವು ಕೊಟ್ಟ ಮಾತು" ಎಂದಳು. ಮೇಷ್ಟ್ರು ಎದ್ದು ನಿಂತರು, ಒಂದು ಹೆಜ್ಜೆ ಮುಂದಕ್ಕೂ ಬಂದರು. ಆಮೇಲೆ, "ಈಗ ಎಲ್ಲಾ ಅವನದೇ ಕಣಮ್ಮ, ನನ್ನ ಮಾತು ನಡೆಯಲ್ಲ" ಎಂದು ಮೆಲ್ಲಗೆ ಹೇಳಿ, ಕನ್ನಡಕ ತೆಗೆದು ಒರೆಸುತ್ತಾ ಒಳಗೆ ಹೋದರು. ಅಷ್ಟು ಒಳ್ಳೆಯ ಮನುಷ್ಯ ಅಷ್ಟು ಬೇಗ ಒಳಗೆ ಹೋಗಬಹುದೆಂದು ಸಾಕಮ್ಮ ಎಣಿಸಿರಲಿಲ್ಲ.

ಮಾಲಾ ದೊರೆಸ್ವಾಮಿಗೆ ಫೋನ್ ಮಾಡಿದಳು. ಅವರು ಎಲ್ಲವನ್ನೂ ಕೇಳಿಸಿಕೊಂಡರು. ಕೇಸು ಹಾಕೋಣ ಎಂದರು, ಹಾಕದೆ ಬಿಡೋದಿಲ್ಲ ಎಂದರು. "ಆದ್ರೆ ನೀವಾಗೇ ಕೊಟ್ಬುಟ್ರಿ ಅನ್ನೋದು ಕೊರಳಿಗೆ ಸುತ್ಕೊಳ್ತದೆ. ವರ್ಷಾನುಗಟ್ಲೆ ಆಯ್ತದಮ್ಮ. ಅಷ್ಟರಲ್ಲಿ ಅಲ್ಲಿ ಕಾಫಿ ಕುಡೀತಿರ್ತಾರೆ." ಆಮೇಲೆ ತಾಳಲಾರದೆ ಕೇಳಿಯೂಬಿಟ್ಟರು. "ಒಂದು ಪಾತ್ರೇನಾದ್ರೂ ಒಳಗೆ ಬುಟ್ಟಿದ್ರಾ?"

ಮಾಲಾ ಅತ್ತೆಯ ಮುಖ ನೋಡಿದಳು. ಫೋನ್ ಇಟ್ಟಳು.

ಸಾಕಮ್ಮ ಫುಟ್‌ಪಾತಿನ ಮೇಲೆ, ಬೋರಲು ಬಿದ್ದ ಬೋರ್ಡಿನ ಪಕ್ಕ ಕೂತಳು. ಇನ್ನು ಆ ಮಕ್ಕಳ ಸ್ಕೂಲು, ಟೆಂಪೊದ ಕಂತು, ಅಷ್ಟು ಪಾತ್ರೆ ಇಡಲು ಜಾಗ. ಅಶೋಕಪುರಂನ ಮನೆಯಲ್ಲಿ ಐದು ಜನ ಕಾಲು ಚಾಚಿದರೆ ಬಾಗಿಲು ಮುಚ್ಚುವುದಿಲ್ಲ. ಬೇರೆ ಕಡೆ ಅಂಗಡಿ ಹಿಡಿಯಬೇಕೆಂದರೆ ಶ್ರೀರಾಂಪುರದಾಚೆಯ ಬಡಾವಣೆಗಳಲ್ಲೂ ಮುಂಗಡ ಕೇಳಿದರೆ ಎದೆ ಒಡೆಯುತ್ತದೆ. ಎಲ್ಲವನ್ನೂ ಒಂದೊಂದಾಗಿ ಯೋಚಿಸಿ, ಯಾವುದಕ್ಕೂ ದಾರಿ ಕಾಣದೆ, ಅವಳ ಮನಸ್ಸು ಕೊನೆಗೆ ಒಂದೇ ಒಂದು ಕಡೆ ಹೋಗಿ ನಿಂತಿತು.

"ಓಗ್ಲಿ ಬುಡು ಮಾಲಾ" ಎಂದಳು. "ಅಂಗಡಿ ಕಿತ್ಕೊಂಡ್ರು. ಆದ್ರೆ ನಮ್ ಪಾತ್ರೇಲಿ ಉಂಡ್ರಲ್ಲ. ಅದ್ನ ವಾಪಸ್ ಉಗುಳಕ್ಕಾಯ್ತದಾ. ನಿಮ್ಮಾವ್ರ ಕೊಪ್ಪರಿಗೇಲಿ ಬೆಂದದ್ದು ಅವ್ರೆಲ್ಲರ ಹೊಟ್ಟೆ ಸೇರಾಯ್ತು."

ಮಾಲಾ ಅತ್ತೆಯ ಬೆನ್ನ ಮೇಲೆ ಕೈಯಿಟ್ಟಳು. ಎದುರಿನ ಕೆಫೆಯ ಬಾಗಿಲಲ್ಲಿ ಕಾಫಿ ಹಿಡಿದ ನಾಲ್ಕಾರು ಜನ ಇತ್ತ ನೋಡುತ್ತಿದ್ದರು.

ಅಷ್ಟರಲ್ಲಿ ಟೆಂಪೊ ಬಂತು. ನಾಗೇಂದ್ರನಿಗೆ ಇನ್ನೂ ಏನೂ ಗೊತ್ತಿಲ್ಲ. ಹಿಂದಕ್ಕೆ ಸರಿದು, ನಿಲ್ಲಿಸಿ, ಇಳಿದವನೇ ಹಗ್ಗ ಬಿಚ್ಚುತ್ತಾ ಉತ್ಸಾಹದಲ್ಲಿ ಹೇಳಿದ. "ಅವ್ವ, ಇಷ್ಟು ಚೆಂದಾಗಿ ತೊಳ್ದು ಕೊಟ್ಟೋರ್ನ ನಾ ಕಂಡೇ ಇಲ್ಲ. ಎಂಗೆ ಫಳಫಳ ಅಂತವೆ ನೋಡು. ನಾನು ಜೋಡ್ಸಿದಂಗೇ ಸೆಲ್ಲಾರ್‌ನಲ್ಲಿ ಜೋಡ್ಸಿ, ನಮ್ ಟಾರ್ಪಾಲೇ ಒದಿಸಿ ಇಟ್ಟವ್ರೆ." ಆಮೇಲೆ ಕಪ್ಪು ಬಾಗಿಲು ಕಂಡಿತು, ಬೋರ್ಡು ಕಂಡಿತು. ಅವನ ಕೈ ಹಗ್ಗದ ಮೇಲೇ ನಿಂತಿತು.

ಸಾಕಮ್ಮ ನಿಧಾನವಾಗಿ ಎದ್ದಳು. ದೊಡ್ಡ ಕೊಪ್ಪರಿಗೆ ಟೆಂಪೊದ ಅಂಚಿನಲ್ಲೇ ಇತ್ತು. ಅದರ ಬಳೆಯಲ್ಲಿ ಅರಿಶಿನದ ಕೊಂಬು ಅವಳು ಕಟ್ಟಿದ ಗಂಟಿನಲ್ಲೇ ತೂಗುತ್ತಿತ್ತು, ದಾರ ಹಳದಿ ಇದ್ದದ್ದು ಹಳದಿಯೇ ಇತ್ತು. ಗ್ಯಾಸ್ ಒಲೆಯಾದರೂ ಹಿತ್ತಾಳೆಯ ತಳ ಒಂದಿಷ್ಟು ಕಂದದೆ ಇರುವುದಿಲ್ಲ, ಇವಳ ಜೀವಮಾನವೆಲ್ಲ ಅದನ್ನು ತಿಕ್ಕುವುದರಲ್ಲೇ ಕಳೆದಿದೆ. ತಳವನ್ನು ತಡವಿ ನೋಡಿದಳು. ತಾನು ತಿಕ್ಕಿದ ಹಾಗೇ ಇತ್ತು. ಬಗ್ಗಿ ಒಳಗೆ ಕೈ ಹಾಕಿದಳು. ಕಲಾಯಿಯ ಮೇಲೆ ಒಂದು ಗೀರಿಲ್ಲ, ಒಂದು ತೊಟ್ಟು ತೇವವಿಲ್ಲ. ಬೆರಳಿಗೆ ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದಳು. ಒಂದು ಹಿಡಿ ಅಕ್ಕಿ.

ಅವರು ಅಂಗಡಿ ಖಾಲಿ ಮಾಡಿಸಲಷ್ಟೇ ಪಾತ್ರೆ ಕೇಳಿದ್ದರು. ಖಾಲಿ ಮಾಡಿಸಿದ ಮೇಲಾದರೂ ಒಂದು ಹೊತ್ತು ಅದರಲ್ಲಿ ಬೇಯಿಸಬಹುದಿತ್ತು. ಛತ್ರದ ಬಾಗಿಲಿಗೇ ಬಂದ ಪಾತ್ರೆ, ಬಾಡಿಗೆಯೂ ಇಲ್ಲದ ಪಾತ್ರೆ. ಅದನ್ನೂ ಮಾಡಲಿಲ್ಲ.

ಸಾಕಮ್ಮ ಅಳಲಿಲ್ಲ. "ಇದೊಂದ್ನ ಇಳ್ಸು" ಎಂದಳು.

"ಎಲ್ಲಿಗೆ ಇಳ್ಸನವ್ವ?"

"ಇಲ್ಲೇ."

ಪಕ್ಕದ ಕಟ್ಟಡದವರ ಇಟ್ಟಿಗೆ ಮೂರು ಎಳೆದು ತಂದು ಕಪ್ಪು ಬಾಗಿಲ ಮುಂದೆ ಒಲೆ ಹೂಡಿದಳು. ನಾಗೇಂದ್ರ ಕೊಪ್ಪರಿಗೆ ಹೊತ್ತು ಅದರ ಮೇಲಿಟ್ಟ. ಕಿತ್ತೆಸೆದ ಅಟ್ಟದ ಹಲಗೆಗಳನ್ನು ಸಾಕಮ್ಮ ಕಾಲಲ್ಲಿ ಮೆಟ್ಟಿ ಮುರಿದು ಒಲೆಗೆ ಹಾಕಿದಳು. ಗಂಡ ಹೊಡೆದಿದ್ದ ಮೊಳೆಗಳು ಅವುಗಳಲ್ಲಿ ಹಾಗೇ ಇದ್ದವು. ಮಾಲಾ ಟೆಂಪೊದಿಂದ ನೀರಿನ ಕ್ಯಾನು ತಂದು ಸುರಿದಳು. ಐನೂರು ಜನಕ್ಕೆ ಬೇಯಿಸುವ ಕೊಪ್ಪರಿಗೆಯಲ್ಲಿ ಅಷ್ಟು ನೀರು ತಳವನ್ನೂ ಸರಿಯಾಗಿ ಮುಚ್ಚಲಿಲ್ಲ. ಸಾಕಮ್ಮ ಆ ಹಿಡಿ ಅಕ್ಕಿಯನ್ನು ಅದರೊಳಗೆ ಬಿಟ್ಟಳು. ಹಳೆಯ ಹಲಗೆ, ಬೇಗ ಹತ್ತಿಕೊಂಡಿತು.

ವಸಿಷ್ಠ ಗೇಟಿನೊಳಗಿಂದ, ಬಾಗಿಲಿಗೆ ಹೊಸ ಪೇಂಟಿದೆ, ಹೊಗೆ ಹತ್ತುತ್ತೆ ಎಂದ. ಯಾರೂ ಅವನ ಕಡೆ ತಿರುಗಲಿಲ್ಲ. ಅವನು ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದು ಒಳಗೆ ಹೋದ. ಕೆಫೆಯ ಕಡೆಯಿಂದ ಕೆಲವರು ರಸ್ತೆ ದಾಟಿ ಬಂದು ಮೊಬೈಲ್ ಎತ್ತಿ ಹಿಡಿದರು. ಒಬ್ಬಳು ಹುಡುಗಿ, ಇವತ್ತು ಏನು ಹಬ್ಬ ಎಂದು ಕೇಳಿದಳು. ಇನ್ನೊಬ್ಬ, ಕೆಫೆಯ ಯಜಮಾನನೇ ಇರಬೇಕು, ಕೊಪ್ಪರಿಗೆಯ ಸುತ್ತ ಒಂದು ಸುತ್ತು ಬಂದು, "ಆಂಟಿ, ಇದನ್ನ ಕೊಡೋದಾದ್ರೆ ನಾವು ತಗೋತೀವಿ. ಆದ್ರೆ ಹೀಗೆ ಮಸಿ ಹಿಡಿಸ್ಬೇಡಿ, ಚೆನ್ನಾಗಿತ್ತು" ಎಂದ. ಮಾಲಾ ಅವನ ಕಡೆ ನೋಡಿದ ನೋಟಕ್ಕೆ ಅವನು ಹಿಂದೆ ಸರಿದ.

ಅಕ್ಕಿ ಬೇಯುವ ಮೊದಲೇ ನೀರು ಇಂಗಿತು. ತಳ ಹಿಡಿಯಿತು, ಸೀದ ವಾಸನೆ ಬೀದಿಯ ತುಂಬ ಹಬ್ಬಿತು, ಕಾಫಿಯ ವಾಸನೆಯನ್ನೂ ಸೋಪಿನ ವಾಸನೆಯನ್ನೂ ಮುಚ್ಚಿತು. ಕಲಾಯಿ ಕರಗಿ ಹೊರಳತೊಡಗಿತು. ಅರಿಶಿನದ ಕೊಂಬಿನ ದಾರ ಕಮರಿ, ಕೊಂಬು ಬೆಂಕಿಗೆ ಬಿತ್ತು. ಮೇಷ್ಟ್ರ ಮನೆಯ ಮಹಡಿಯ ಕಿಟಕಿಯಲ್ಲಿ ಶಾರದಮ್ಮ ನಿಂತಿದ್ದರು. ಸಾಕಮ್ಮ ತಲೆಯೆತ್ತಿ ಅವರನ್ನು ನೋಡಿದಳು. ಬೈಯಲು ಬಾಯಿ ತೆರೆದಳು. ಇಷ್ಟು ವರ್ಷ ಬೀದಿಯನ್ನೇ ಬೈದವಳಿಗೆ ಆವತ್ತು ಒಂದು ಮಾತೂ ಬರಲಿಲ್ಲ. ಶಾರದಮ್ಮ ಸೆರಗನ್ನು ಮೂಗಿಗೆ ಹಿಡಿದು ಕಿಟಕಿ ಮುಚ್ಚಿದರು.

ಹಲಗೆಗಳೆಲ್ಲ ಉರಿದು ಮುಗಿಯುವವರೆಗೂ ಸಾಕಮ್ಮ ನಿಂತೇ ಇದ್ದಳು. ಆಮೇಲೆ ಸೆರಗನ್ನು ಕೈಗೆ ಸುತ್ತಿಕೊಂಡು ಕೊಪ್ಪರಿಗೆಯನ್ನು ಓರೆ ಮಾಡಿ ತಳ ನೋಡಿದಳು. ಅಂಗೈಯಲ್ಲಿ ಒಂದು ಸಲ ಸವರಿದಳು. ಅಂಗೈ ಕಪ್ಪಾಯಿತು, ಚುರುಕ್ ಅಂತ ಸುಟ್ಟಿತು, ಕೈ ತೆಗೆಯಲಿಲ್ಲ.

"ಈಗ ತುಂಬು" ಎಂದು ಮಗನಿಗೆ ಹೇಳಿದಳು. "ಈಗಿದು ಮದುವೆ ಮನೆಯಿಂದ ಬಂದ ಪಾತ್ರೆ."

ನಾಗೇಂದ್ರ ಅಳುತ್ತಲೇ ಶಾಮಿಯಾನದ ಬಟ್ಟೆಯಲ್ಲಿ ಹಿಡಿದು ಅದನ್ನೆತ್ತಿ ಟೆಂಪೊಗೆ ಹಾಕಿ ಹಗ್ಗ ಬಿಗಿದ. ಮಾಲಾ ಪಟದ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಪಕ್ಕದಲ್ಲಿ ಕೂತಳು. ಸಾಕಮ್ಮ ಹಿಂದೆ ಕೊಪ್ಪರಿಗೆಯ ಪಕ್ಕ ಹತ್ತಿ ಕೂತಳು. ಗಾಡಿ ಸ್ಟಾರ್ಟ್ ಮಾಡಿ, ಬೀದಿಯ ಕೊನೆಯವರೆಗೂ ಹೋಗಿ, ಯಾವ ಕಡೆ ತಿರುಗಬೇಕೆಂದು ಗೊತ್ತಾಗದೆ, ಅವನು ಅಲ್ಲಿ ನಿಲ್ಲಿಸಿದ.